ಇಂಗ್ಲಿಷಿನ ‘ಹ್ಯಾಪ್’ ಎಂಬ ಹಳೆಯ ಪದ: ಅರ್ಥವೇನು, ಮೂಲವೆಲ್ಲಿ?

ಪ್ರಶ್ನೆ — ಬಸವನಗುಡಿಯ ಓದುಗಿ

ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿ ನಾವು ಕೆಲವರು ಸೇರಿ ಹಳೆಯ ಇಂಗ್ಲಿಷ್ ಗದ್ಯವನ್ನು ನಿಧಾನವಾಗಿ, ವಾಕ್ಯ ವಾಕ್ಯವನ್ನೂ ಬಿಡಿಸಿಕೊಂಡು ಓದುತ್ತಿದ್ದೇವೆ. ಈಗ ಕೈಗೆತ್ತಿಕೊಂಡಿರುವುದು 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿರುವ ರೂತಳ ಕಥೆ. ಅದರ ಎರಡನೆಯ ಅಧ್ಯಾಯದ ಮೂರನೆಯ ವಾಕ್ಯದಲ್ಲಿ, ವಿಧವೆಯಾದ ರೂತಳು ಕೊಯ್ಲಿನವರ ಹಿಂದೆ ಹಕ್ಕಲು ಆಯುತ್ತಾ ಹೋಗಿ, ತನಗೆ ತಿಳಿಯದೆಯೇ ಬೋವಜನೆಂಬ ಬಂಧುವಿನ ಹೊಲದ ಭಾಗಕ್ಕೆ ಬಂದು ಸೇರುತ್ತಾಳೆ. ಇದನ್ನು ಹೇಳುವಾಗ ಅನುವಾದಕರು ‘ಹರ್ ಹ್ಯಾಪ್ ವಾಸ್’ ಎಂದು ಬರೆದಿದ್ದಾರೆ. ಈ ‘ಹ್ಯಾಪ್’ ಇಂದಿನ ಮಾತಿನಲ್ಲಿ ಕೇಳಿಬರುವುದಿಲ್ಲ. ಆದರೆ ‘ಹ್ಯಾಪಿ’, ‘ಹ್ಯಾಪನ್’, ‘ಪರ್‌ಹ್ಯಾಪ್ಸ್’ ಎಂಬ ಪದಗಳನ್ನು ದಿನವೂ ಬಳಸುತ್ತೇವೆ. ಸಂತೋಷ, ಸಂಭವಿಸುವುದು, ಬಹುಶಃ ಎಂಬ ಮೂರು ಬೇರೆ ಬೇರೆ ಅರ್ಥಗಳ ಒಳಗೆ ಒಂದೇ ತುಣುಕು ಇರುವುದು ಹೇಗೆ?

ನನಗೆ ತಿಳಿಯಬೇಕಾದದ್ದು ಮುಖ್ಯವಾಗಿ ಇಷ್ಟು: ಈ ಪದ ಇಂಗ್ಲಿಷಿಗೆ ಎಲ್ಲಿಂದ ಬಂತು, ಅದರ ನಿಜವಾದ ಅರ್ಥ ಅದೃಷ್ಟವೋ ಆಕಸ್ಮಿಕವೋ, ಮತ್ತು ಅದು ಏಕೆ ಬಳಕೆಯಿಂದ ಜಾರಿಹೋಯಿತು? ನಮ್ಮ ಗುಂಪಿನ ಹಿರಿಯರೊಬ್ಬರು ‘ಹ್ಯಾಪಿ’ ಮತ್ತು ನಮ್ಮ ‘ಹಬ್ಬ’ ಒಂದೇ ಮೂಲದವು ಎಂದು ಬಲವಾಗಿ ನಂಬಿದ್ದಾರೆ. ಅದರ ಬಗ್ಗೆಯೂ ಬಲ್ಲವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ — ಮಲ್ಲೇಶ್ವರದ ನಿವೃತ್ತ ಅಧ್ಯಾಪಕ

ಓದುಗಿಯವರೇ, ನಿಮ್ಮ ಮೊದಲ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ‘ಹ್ಯಾಪ್’ ಹುಟ್ಟಿನಿಂದ ಇಂಗ್ಲಿಷ್ ಪದವಲ್ಲ. ಅದು ಸ್ಕ್ಯಾಂಡಿನೇವಿಯಾದಿಂದ ಬಂದ ಜನರ ಹಳೆಯ ನಾರ್ಸ್ ಭಾಷೆಯ ‘ಹಪ್’ ಎಂಬ ಪದ. ಅಲ್ಲಿ ಅದಕ್ಕೆ ಒಳ್ಳೆಯ ಅದೃಷ್ಟ, ಒದಗಿಬಂದ ಅನುಕೂಲ ಎಂಬ ಅರ್ಥವಿತ್ತು. 865ರಲ್ಲಿ ಡೇನರ ದೊಡ್ಡ ಸೇನೆಯೊಂದು ಇಂಗ್ಲೆಂಡಿಗೆ ಬಂದಿಳಿದ ಮೇಲೆ ಆ ಜನರಲ್ಲಿ ಅನೇಕರು ಹಿಂದಿರುಗದೆ, ದೇಶದ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಹೊಲ ಮಾಡಿಕೊಂಡು, ಸ್ಥಳೀಯರೊಡನೆ ಕೊಟ್ಟು ತಂದು ಅಲ್ಲೇ ನೆಲೆಸಿದರು. ಆ ಪ್ರದೇಶಕ್ಕೆ ‘ಡೇನ್‌ಲಾ’ ಎಂಬ ಹೆಸರೇ ಉಳಿಯಿತು. ಎರಡು ಭಾಷೆಗಳೂ ಜರ್ಮಾನಿಕ್ ಕುಟುಂಬದವಾದ್ದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಅಷ್ಟಿಷ್ಟು ಅರ್ಥವಾಗುತ್ತಿತ್ತು. ಹೀಗಾಗಿ ಪದಗಳು ವಿದ್ವಾಂಸರ ಗ್ರಂಥಗಳ ಮೂಲಕವಲ್ಲ, ಅಡುಗೆಮನೆ ಮತ್ತು ಹೊಲಗದ್ದೆಗಳ ಮೂಲಕ ದಾಟಿದವು. ಮೊಟ್ಟೆಗೆ ‘ಎಗ್’, ಚಾಕುವಿಗೆ ‘ನೈಫ್’, ಆಕಾಶಕ್ಕೆ ‘ಸ್ಕೈ’, ಗಂಡನಿಗೆ ‘ಹಸ್ಬೆಂಡ್’, ಕಾನೂನಿಗೆ ‘ಲಾ’, ಕೊನೆಗೆ ‘ಅವರು’ ಎನ್ನುವುದಕ್ಕೆ ‘ದೇ’ ಕೂಡ ಆ ದಾರಿಯಲ್ಲೇ ಬಂದವು. ಒಂದು ಭಾಷೆ ಇನ್ನೊಂದರಿಂದ ಸರ್ವನಾಮವನ್ನೇ ತೆಗೆದುಕೊಳ್ಳುವುದು ಬಹಳ ಅಪರೂಪ. ಆ ಎರಡು ಜನಾಂಗಗಳು ಎಷ್ಟು ಬೆರೆತುಹೋಗಿದ್ದವು ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಕಾಣುವುದಿಲ್ಲ.

ಆಡುಮಾತಿನಲ್ಲಿ ಬೇರೂರಿದ ಈ ಪದ ಬರಹದಲ್ಲಿ ಕಾಣಿಸಿಕೊಳ್ಳುವುದು ಸುಮಾರು 13ನೆಯ ಶತಮಾನದ ಆರಂಭದ ವೇಳೆಗೆ. ನಾರ್ಸ್‌ನಲ್ಲಿ ಒಳಿತಿನ ಕಡೆಗೇ ವಾಲಿದ್ದ ‘ಹ್ಯಾಪ್’ ಇಂಗ್ಲಿಷಿಗೆ ಬಂದ ಮೇಲೆ ಎರಡೂ ಕಡೆಗೆ ತೂಗತೊಡಗಿತು. ಒಳ್ಳೆಯ ಹ್ಯಾಪ್ ಎಂದೂ ಕೆಟ್ಟ ಹ್ಯಾಪ್ ಎಂದೂ ವಿಶೇಷಣ ಹಚ್ಚಿ ಹೇಳಬೇಕಾಯಿತು. ವಿಶೇಷಣವಿಲ್ಲದೆ ಬಂದಾಗ ಅದು ಬರಿಯ ‘ಒದಗಿದ್ದು’, ‘ಆಗಿಬಂದದ್ದು’ ಎಂಬಷ್ಟೇ ಅರ್ಥ ಕೊಡುತ್ತದೆ. ರೂತಳ ವಾಕ್ಯದಲ್ಲಿರುವುದು ಈ ಕೊನೆಯ ಬಗೆ.

14ನೆಯ ಶತಮಾನದ ಕೊನೆಯ ಹೊತ್ತಿಗೆ ಇದರಿಂದ ಎರಡು ಪದಗಳು ಹುಟ್ಟಿದವು. ಕ್ರಿಯಾಪದವಾಗಿ ‘ಹ್ಯಾಪನ್’, ಅಂದರೆ ಅದೃಷ್ಟವಶಾತ್ ಒದಗುವುದು, ಕ್ರಮೇಣ ಸುಮ್ಮನೆ ಸಂಭವಿಸುವುದು. ಗುಣವಾಚಕವಾಗಿ ‘ಹ್ಯಾಪಿ’. ಇಲ್ಲಿ ಓದುಗರು ಬಹಳ ಎಚ್ಚರದಿಂದಿರಬೇಕು. ಆ ಕಾಲದ ಬರಹದಲ್ಲಿ ಒಬ್ಬನನ್ನು ‘ಹ್ಯಾಪಿ’ ಎಂದು ಕರೆದಿದ್ದರೆ ಅವನು ನಗುನಗುತ್ತಾ ಇದ್ದಾನೆ ಎಂದಲ್ಲ, ಅವನಿಗೆ ದೈವ ಒಲಿದಿದೆ ಎಂದು ಅರ್ಥ. ಮನಸ್ಸಿನ ಸಂತೋಷವೆಂಬ ಅರ್ಥ ಗಟ್ಟಿಯಾದದ್ದು 16ನೆಯ ಶತಮಾನದಲ್ಲಿ. ಹೊರಗಿನಿಂದ ಬಂದ ಭಾಗ್ಯದ ಹೆಸರು ನಿಧಾನವಾಗಿ ಒಳಗಿನ ಭಾವದ ಹೆಸರಾಯಿತು. ಹಳೆಯ ಅರ್ಥ ಪೂರ್ತಿ ಅಳಿದಿಲ್ಲ. ಎರಡು ಸಂಗತಿಗಳು ಚೆನ್ನಾಗಿ ಹೊಂದಿಬಂದಾಗ ಇಂಗ್ಲಿಷಿನವರು ಇಂದಿಗೂ ‘ಹ್ಯಾಪಿ ಕೋಇನ್ಸಿಡೆನ್ಸ್’ ಎನ್ನುತ್ತಾರೆ. ಅಲ್ಲಿ ಸಂತೋಷಪಡುವುದು ಆ ಸಂಗತಿಯಲ್ಲವಲ್ಲ!

ಇದು ಇಂಗ್ಲಿಷೊಂದರ ವಿಶೇಷವೂ ಅಲ್ಲ. ಜರ್ಮನ್ನಿನ ‘ಗ್ಲ್ಯುಕ್’ ಅದೃಷ್ಟವೂ ಹೌದು, ಸುಖವೂ ಹೌದು. ಫ್ರೆಂಚಿನಲ್ಲಿ ಸುಖಕ್ಕಿರುವ ‘ಬೊನರ್’ ಎಂಬ ಪದದ ಒಳಗಿರುವುದು ಶಕುನವೆಂಬ ಅರ್ಥದ ಲ್ಯಾಟಿನ್ ಪದ.

ಉತ್ತರ — ಚೌಕಾಬಾರ ಪ್ರಿಯ

ಮೇಲಿನ ಉತ್ತರ ಬಹಳ ಉಪಯುಕ್ತವಾಗಿದೆ. ಉಳಿದ ಬಳಗವನ್ನು ನಾನು ಸ್ವಲ್ಪ ಸೇರಿಸುತ್ತೇನೆ. ‘ಮಿಸ್‌ಹ್ಯಾಪ್’ ಎಂದರೆ ಕೆಟ್ಟದಾಗಿ ಒದಗಿದ್ದು, ಅವಘಡ. ‘ಹ್ಯಾಪ್‌ಲೆಸ್’ ಎಂದರೆ ಅದೃಷ್ಟಹೀನ, ನಾವು ‘ಪಾಪ, ನತದೃಷ್ಟ’ ಎನ್ನುವಂಥವನು. ‘ಪರ್‌ಹ್ಯಾಪ್ಸ್’ ಮಾತ್ರ ವಿಚಿತ್ರವಾದ ಬೆರಕೆ: ಅದರ ತಲೆ ಲ್ಯಾಟಿನ್ನಿನದು, ದೇಹ ನಾರ್ಸ್‌ನದು. ಫ್ರೆಂಚಿನಿಂದ ಬಂದ ‘ಪರ್‌ಚಾನ್ಸ್’ ಎಂಬ ಮಾತು ಆಗಲೇ ಬಳಕೆಯಲ್ಲಿತ್ತು. ಅದೇ ಅಚ್ಚಿನಲ್ಲಿ ‘ಚಾನ್ಸ್’ ತೆಗೆದು ‘ಹ್ಯಾಪ್’ ಇಟ್ಟರು. ಹೀಗಾಗಿ ‘ಪರ್‌ಹ್ಯಾಪ್ಸ್’ ಎಂದರೆ ಮೂಲದಲ್ಲಿ ‘ಅದೃಷ್ಟ ಹೇಗೆ ಒದಗುತ್ತದೋ ಹಾಗೆ’ ಎಂದು.

‘ಚಾನ್ಸ್’ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದು ನಮ್ಮ ಮನೆಯ ಜಗಲಿಯ ವಿಷಯ. ಅದು ಲ್ಯಾಟಿನ್ನಿನ ‘ಬೀಳು’ ಎಂಬ ಧಾತುವಿನಿಂದ ಬಂದದ್ದು, ದಾಳ ಬೀಳುವ ಬಗೆಯನ್ನು ಹೇಳುವಂಥದ್ದು. ಚೌಕಾಬಾರ ಆಡುವಾಗ ನಾಲ್ಕು ಕವಡೆಗಳನ್ನು ಅಂಗೈಯಲ್ಲಿ ಕುಲುಕಿ ನೆಲಕ್ಕೆ ಬಿಟ್ಟರೆ, ನಾಲ್ಕೂ ಅಂಗಾತ ಬಿದ್ದಾಗ ನಾಲ್ಕು, ನಾಲ್ಕೂ ಬೋರಲು ಬಿದ್ದಾಗ ಎಂಟು ಎಂದು ಎಣಿಸುತ್ತೇವೆ. ಕವಡೆ ಇಲ್ಲದ ಮನೆಗಳಲ್ಲಿ ಒಂದು ಬದಿ ತೇಯ್ದು ಬೆಳ್ಳಗೆ ಮಾಡಿದ ಹುಣಸೆ ಬೀಜ. ಬೇಕಾದ ಎಣಿಕೆ ಬಂದಾಗ ‘ಗರ ಬಿತ್ತು’ ಎಂದೇ ಕೂಗುತ್ತೇವೆ. ಲ್ಯಾಟಿನ್ನಿನವರ ‘ಬೀಳುವುದು’ ಮತ್ತು ನಮ್ಮ ಗರ ‘ಬೀಳುವುದು’ ಒಂದೇ ನೋಟದಿಂದ ಹುಟ್ಟಿದ ಮಾತುಗಳು. ‘ಹ್ಯಾಪ್‌ಹಜಾರ್ಡ್’ ಎಂಬಲ್ಲಿರುವ ‘ಹಜಾರ್ಡ್’ ಕೂಡ ಮೊದಲು ಒಂದು ದಾಳದಾಟದ ಹೆಸರೇ. ಆ ಹೆಸರು ದಾಳ ಎಂಬರ್ಥದ ಅರಬ್ಬಿ ಪದದಿಂದ ಬಂದಿರಬಹುದೆಂಬ ಅಭಿಪ್ರಾಯ ಬಹಳ ಕಾಲದಿಂದ ಇದೆ, ಅದನ್ನು ಒಪ್ಪದವರೂ ಇದ್ದಾರೆ. ಒಟ್ಟಿನಲ್ಲಿ ‘ಹ್ಯಾಪ್‌ಹಜಾರ್ಡ್’ ಎಂದರೆ ಅದೃಷ್ಟದ ಮೇಲೆ ಅದೃಷ್ಟ ಪೇರಿಸಿದ ಪದ. ಅಡ್ಡಾದಿಡ್ಡಿ ಎಂಬ ಇಂದಿನ ಅರ್ಥ ಅಲ್ಲಿಂದ ಬಂದದ್ದು.

ಉತ್ತರ — ಹಳಗನ್ನಡ ವಿದ್ಯಾರ್ಥಿ, ವಿಜಯನಗರ

‘ಹಬ್ಬ’ದ ಬಗ್ಗೆ ನಾನು ಉತ್ತರಿಸುತ್ತೇನೆ. ನಿಮ್ಮ ಗುಂಪಿನ ಹಿರಿಯರಲ್ಲಿ ಗೌರವವಿಟ್ಟೇ ಹೇಳುವುದಾದರೆ, ‘ಹಬ್ಬ’ ಮತ್ತು ‘ಹ್ಯಾಪಿ’ಗಳಿಗೆ ಯಾವ ಸಂಬಂಧವೂ ಇಲ್ಲ, ಮತ್ತು ಸಂಬಂಧವಿಲ್ಲವೆಂಬುದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಬಹುದು.

‘ಹಬ್ಬ’ ಸಂಸ್ಕೃತದ ‘ಪರ್ವ’ ಎಂಬುದರ ತದ್ಭವ. ‘ಪರ್ವ’ ‘ಪಬ್ಬ’ವಾಯಿತು, ‘ಪಬ್ಬ’ ‘ಹಬ್ಬ’ವಾಯಿತು. ಕನ್ನಡದಲ್ಲಿ ಪದದ ಮೊದಲಿನ ಪಕಾರ ಹಕಾರವಾಗುವುದು ಒಂದು ಕ್ರಮಬದ್ಧವಾದ ಬದಲಾವಣೆ. ಪಂಪನ ಕಾವ್ಯಭಾಷೆಯಲ್ಲಿ ‘ಪಾಲ್’, ‘ಪುಲಿ’, ‘ಪೂ’ ಎಂದಿದ್ದದ್ದು ವಚನಗಳ ಕಾಲದ ಹೊತ್ತಿಗೆ ‘ಹಾಲು’, ‘ಹುಲಿ’, ‘ಹೂ’ ಆಗಿ ಹರಡಿತ್ತು. ಈ ಬದಲಾವಣೆ ಆಗದ ನೆರೆಭಾಷೆಗಳನ್ನು ನೋಡಿದರೆ ಸಾಕ್ಷಿ ಕಣ್ಣೆದುರಿಗೇ ಇದೆ: ತೆಲುಗಿನಲ್ಲಿ ‘ಪಬ್ಬಂ’ ಎಂದಿದೆ, ತುಳುವಿನಲ್ಲಿ ಇಂದಿಗೂ ದೀಪಾವಳಿಯನ್ನು ‘ಪರ್ಬ’ ಎಂದೇ ಕರೆಯುತ್ತಾರೆ. ‘ಹಬ್ಬ’ದ ಹಕಾರ ನಮ್ಮ ನೆಲದಲ್ಲಿ ಸುಮಾರು ಸಾವಿರ ವರ್ಷದಿಂದ ಈಚೆಗೆ ಪಕಾರದಿಂದ ಬಂದದ್ದು.

‘ಹ್ಯಾಪ್’ನ ಹಕಾರದ ಕಥೆ ಬೇರೆ, ಮತ್ತು ಅದೂ ಅಷ್ಟೇ ಕ್ರಮಬದ್ಧವಾದದ್ದು. ಜರ್ಮಾನಿಕ್ ಭಾಷೆಗಳಲ್ಲಿ ಹಳೆಯ ಕಕಾರ ಹಕಾರವಾಗುತ್ತದೆ, ಬಕಾರ ಪಕಾರವಾಗುತ್ತದೆ. ಇದು 1822ರಲ್ಲಿ ಯಾಕೋಬ್ ಗ್ರಿಮ್ ವಿವರವಾಗಿ ನಿರೂಪಿಸಿದ ನಿಯಮದ ಭಾಗ. ಲ್ಯಾಟಿನ್ನಿನಲ್ಲಿ ಕೊಂಬಿಗೆ ‘ಕೋರ್ನು’, ಇಂಗ್ಲಿಷಿನಲ್ಲಿ ‘ಹಾರ್ನ್’. ಅಲ್ಲಿ ನೂರಕ್ಕೆ ‘ಕೆಂಟುಮ್’, ಇಲ್ಲಿ ‘ಹಂಡ್ರೆಡ್’. ತುಟಿಗೆ ಅಲ್ಲಿ ‘ಲಾಬಿಯುಮ್’, ಇಲ್ಲಿ ‘ಲಿಪ್’. ಇದೇ ಲೆಕ್ಕದಲ್ಲಿ ಹಿಂದಕ್ಕೆ ಹೋದರೆ ‘ಹಪ್’ನ ಮೂಲ ‘ಕೊಬ್’ ಎಂಬಂತಿರಬೇಕೆಂದು ವಿದ್ವಾಂಸರು ಪುನಾರಚಿಸಿದ್ದಾರೆ. ಹಳೆಯ ಐರಿಷ್ ಭಾಷೆಯಲ್ಲಿ ಗೆಲುವೆಂಬರ್ಥದ ‘ಕೊಬ್’ ಮತ್ತು ಹಳೆಯ ಚರ್ಚ್ ಸ್ಲಾವಾನಿಕ್‌ನಲ್ಲಿ ಶಕುನವೆಂಬರ್ಥದ ‘ಕೊಬಿ’ ಅದರ ಬಂಧುಗಳು.

ಹಾಗಾಗಿ ಒಂದು ಹಕಾರ ಪಕಾರದಿಂದ ಬಂತು, ಇನ್ನೊಂದು ಕಕಾರದಿಂದ ಬಂತು. ಎರಡನ್ನೂ ಹಿಂದಕ್ಕೆ ನಡೆಸಿದಷ್ಟೂ ಅವು ದೂರವಾಗುತ್ತವೆ, ಹತ್ತಿರವಾಗುವುದಿಲ್ಲ. ಇಂದಿನ ರೂಪಗಳು ಕಿವಿಗೆ ಒಂದೇ ಥರ ಕೇಳಿಸುವುದು ಶುದ್ಧ ಕಾಕತಾಳೀಯ.

ಆದರೆ ನಿಜವಾದ ನಂಟೊಂದನ್ನು ನಿಮ್ಮ ಹಿರಿಯರಿಗೆ ಒಪ್ಪಿಸಲು ಆಸೆಯಾಗುತ್ತದೆ. ‘ಹ್ಯಾಪ್’ ಬರುವ ಮುನ್ನ ಇಂಗ್ಲಿಷರು ವಿಧಿಗೆ ‘ವಿರ್ಡ್’ ಎನ್ನುತ್ತಿದ್ದರು. ಇಂದಿನ ‘ವಿಯರ್ಡ್’ ಅದೇ ಪದ. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕದ ಮೂವರು ‘ವಿಯರ್ಡ್’ ಸೋದರಿಯರು ವಿಚಿತ್ರವಾಗಿ ಕಾಣುವವರೆಂದಲ್ಲ, ವಿಧಿಯನ್ನು ನುಡಿಯುವವರೆಂದು ಆ ಹೆಸರು. ಆ ಪದಕ್ಕೂ ಸಂಸ್ಕೃತದ ‘ವೃತ್’ ಧಾತುವಿಗೂ ಮೂಲ ಒಂದೇ. ನಾವು ದಿನವೂ ಆಡುವ ‘ವರ್ತಿಸು’, ‘ವರ್ತಮಾನ’, ‘ವೃತ್ತಾಂತ’ಗಳು ಅದೇ ಧಾತುವಿನವು.

ಬಸವನಗುಡಿಯ ಓದುಗಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ‘ಪರ್ಬ’ದ ಉದಾಹರಣೆಯನ್ನು ಹಿರಿಯರಿಗೆ ತೋರಿಸಿದೆ. ಅವರ ತಾಯಿಯ ಮನೆ ಉಡುಪಿಯ ಕಡೆಯಾದ್ದರಿಂದ ಕೂಡಲೇ ಒಪ್ಪಿದರು.

ಆದರೆ ನನ್ನ ಮುಖ್ಯ ತೊಡಕು ಇನ್ನೂ ಉಳಿದಿದೆ. ರೂತಳ ಕಥೆ ಭಕ್ತರ ಕಥೆ. ಅದರಲ್ಲಿ ಎಲ್ಲವೂ ದೇವರ ಸಂಕಲ್ಪದಂತೆಯೇ ನಡೆಯುತ್ತದೆ. ಆ ಹೊಲದ ಒಡೆಯನನ್ನೇ ರೂತಳು ಮುಂದೆ ಮದುವೆಯಾಗುತ್ತಾಳೆ, ಅವರ ಮರಿಮಗನೇ ದಾವೀದ ಅರಸ. ಇಷ್ಟು ದೊಡ್ಡ ಸಂಕಲ್ಪದ ನಡುವೆ ಅನುವಾದಕರು ಆಕಸ್ಮಿಕವೆಂಬರ್ಥದ ಪದವನ್ನು ಏಕೆ ಇಟ್ಟರು? ‘ಹ್ಯಾಪ್’ ಎಂದರೆ ಕುರುಡು ಆಕಸ್ಮಿಕವಾದರೆ ಈ ಜಾಗಕ್ಕೆ ಅದು ಹೊಂದುವುದಿಲ್ಲವಲ್ಲ?

ಉತ್ತರ — ಮಲ್ಲೇಶ್ವರದ ನಿವೃತ್ತ ಅಧ್ಯಾಪಕ

ಹೊಂದುತ್ತದೆ ಎಂಬುದೇ ನನ್ನ ಅಭಿಪ್ರಾಯ, ಮತ್ತು ಈ ಪದದ ಜೀವಾಳ ಇರುವುದೂ ಇಲ್ಲಿಯೇ ಎಂದು ನಾನು ನಂಬಿದ್ದೇನೆ.

ಮೊದಲನೆಯದಾಗಿ, ಹೀಬ್ರೂ ಮೂಲದಲ್ಲಿರುವ ‘ಮಿಕ್ರೆ’ ಎಂಬ ಪದ ಎದುರಾಗು, ಭೇಟಿಯಾಗು ಎಂಬ ಧಾತುವಿನಿಂದ ಬಂದದ್ದು. ರೂತಳಿಗೆ ಆ ಹೊಲ ಎದುರಾಯಿತು. ಅನುವಾದಕರು ಮೂಲದಲ್ಲಿದ್ದದ್ದನ್ನೇ ನಿಷ್ಠೆಯಿಂದ ತಂದಿದ್ದಾರೆ.

ಎರಡನೆಯದು ಇನ್ನೂ ಮುಖ್ಯವಾದದ್ದು. ‘ಹ್ಯಾಪ್’ ಎಂದರೇನು ಎಂಬ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ನೇರವಾಗಿ ಎತ್ತಿಕೊಂಡು ಉತ್ತರಿಸಿದ ಬರಹವೊಂದಿದೆ. ಆರನೆಯ ಶತಮಾನದಲ್ಲಿ ರೋಮಿನ ಬೋಯಿಥಿಯಸ್, ರಾಜದ್ರೋಹದ ಆರೋಪ ಹೊತ್ತು ಸೆರೆಯಲ್ಲಿ ಮರಣದಂಡನೆಯನ್ನು ಎದುರು ನೋಡುತ್ತಿದ್ದಾಗ, ತತ್ತ್ವಶಾಸ್ತ್ರವೇ ಹೆಣ್ಣಿನ ರೂಪದಲ್ಲಿ ಬಂದು ತನಗೆ ಸಾಂತ್ವನ ಹೇಳುವಂತೆ ಲ್ಯಾಟಿನ್ನಿನಲ್ಲಿ ಒಂದು ಗ್ರಂಥ ಬರೆದ. 14ನೆಯ ಶತಮಾನದ ಉತ್ತರಾರ್ಧದಲ್ಲಿ ಕವಿ ಚಾಸರ್ ಅದನ್ನು ಇಂಗ್ಲಿಷ್ ಗದ್ಯಕ್ಕೆ ತಂದ. ಅದರ ಐದನೆಯ ಭಾಗದಲ್ಲಿ ಆಕಸ್ಮಿಕವೆಂಬುದು ನಿಜವಾಗಿ ಇದೆಯೇ ಎಂಬ ಪ್ರಶ್ನೆ ಬರುತ್ತದೆ, ಮತ್ತು ಅಲ್ಲಿನ ಲ್ಯಾಟಿನ್ ಪದಕ್ಕೆ ಚಾಸರ್ ಇಟ್ಟದ್ದು ‘ಹ್ಯಾಪ್’ ಎಂಬುದನ್ನೇ.

ಅಲ್ಲಿ ಕೊಡುವ ದೃಷ್ಟಾಂತ ಅರಿಸ್ಟಾಟಲನಿಂದ ಬಂದದ್ದು, ಮತ್ತು ಅದೂ ಹೊಲದ್ದೇ. ಒಬ್ಬ ರೈತ ಬೇಸಾಯಕ್ಕೆಂದು ನೆಲ ಅಗೆಯುತ್ತಾನೆ. ಹೂತಿಟ್ಟ ಚಿನ್ನ ಸಿಗುತ್ತದೆ. ನೋಡಿದವರು ಅದೃಷ್ಟ ಎನ್ನುತ್ತಾರೆ. ಆದರೆ ಅದು ಕಾರಣವಿಲ್ಲದೆ ಆದದ್ದಲ್ಲ. ಯಾರೋ ಅಲ್ಲಿ ಚಿನ್ನ ಹೂತಿದ್ದರು, ಅದಕ್ಕೆ ಅವರದೇ ಕಾರಣವಿತ್ತು. ಇವನು ಅಲ್ಲಿಯೇ ಅಗೆದ, ಅದಕ್ಕೆ ಇವನದೇ ಕಾರಣವಿತ್ತು. ಇವನಿಗೆ ಸಿಗಲಿ ಎಂದು ಅವರು ಹೂಳಲಿಲ್ಲ, ಸಿಗುತ್ತದೆಂದು ಇವನು ಅಗೆಯಲಿಲ್ಲ. ಬೇರೆ ಬೇರೆ ಉದ್ದೇಶದಿಂದ ಹೊರಟ ಕಾರಣಗಳು ಒಂದೆಡೆ ಬಂದು ಸೇರಿದ್ದು, ಯಾರೂ ನಿರೀಕ್ಷಿಸದ ಆ ಸೇರುವಿಕೆಯೇ ‘ಹ್ಯಾಪ್’ ಎಂದು ಗ್ರಂಥ ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಕಾರಣಗಳನ್ನು ಹಾಗೆ ಒಂದೆಡೆ ತರುವ ಕ್ರಮ ದೈವಸಂಕಲ್ಪದಿಂದ ಹೊರಡುತ್ತದೆ ಎಂದೂ ಸೇರಿಸುತ್ತದೆ. ಮನುಷ್ಯನ ಕಡೆಯಿಂದ ನೋಡಿದರೆ ಅನಿರೀಕ್ಷಿತ, ದೇವರ ಕಡೆಯಿಂದ ನೋಡಿದರೆ ಸುಸಂಗತ. ಈ ಅರ್ಥದಲ್ಲಿ ‘ಹ್ಯಾಪ್’ ರೂತಳ ಕಥೆಗೆ ಎಷ್ಟು ಮಾತ್ರವೂ ಎದುರಾಗಿ ನಿಲ್ಲುವುದಿಲ್ಲ. ರೂತಳು ಹೊಟ್ಟೆಪಾಡಿಗೆ ಹಕ್ಕಲು ಆಯಲು ಹೊರಟಳು, ಬೋವಜ ತನ್ನ ಕೊಯ್ಲು ನೋಡಲು ಬಂದ.

ಈ ವಿವರಣೆ ಪದದ ಮೂಲಕ್ಕೂ ಹೊಂದುತ್ತದೆ ಎಂಬುದನ್ನು ಗಮನಿಸಿ. ವಿಜಯನಗರದ ಮಿತ್ರರು ಹೇಳಿದ ‘ಕೊಬ್’ ಧಾತುವಿಗೆ ಪಂಡಿತರು ಕೊಡುವ ಅರ್ಥ ಹೊಂದು, ಒದಗು, ಕೈಗೂಡು ಎಂದು. ಹಳೆಯ ಇಂಗ್ಲಿಷಿನಲ್ಲಿಯೂ ಇದೇ ಬೇರಿನಿಂದ ಬಂದ, ಅನುಕೂಲವಾದ, ಹೊಂದಿಕೆಯಾದ ಎಂಬರ್ಥದ ಪದವೊಂದಿತ್ತು.

ನಮ್ಮ ಭಾಷೆಯಲ್ಲಿ ಅದೃಷ್ಟದ ಪದಗಳು ಬಹುಪಾಲು ಬೇರೆ ದಾರಿ ಹಿಡಿದಿವೆ. ‘ಅದೃಷ್ಟ’ ಎಂದರೆ ಕಣ್ಣಿಗೆ ಕಾಣದ್ದು, ಹಿಂದೆ ಮಾಡಿದ ಕರ್ಮದ ಕಾಣದ ಫಲ. ‘ಹಣೆಬರಹ’ ಮೊದಲೇ ಬರೆದಿಟ್ಟದ್ದು. ‘ಭಾಗ್ಯ’ ಹಂಚಿಕೆಯಲ್ಲಿ ದೊರೆತ ಭಾಗ. ಅರಬ್ಬಿಯಿಂದ ಬಂದ ‘ನಸೀಬು’ ಕೂಡ ಪಾಲು ಎಂಬರ್ಥದ್ದೇ, ಮತ್ತು ‘ಪಾಲಿಗೆ ಬಂದದ್ದು ಪಂಚಾಮೃತ’ ಎನ್ನುವಾಗ ಅಚ್ಚಗನ್ನಡವೂ ಅದನ್ನೇ ಹೇಳುತ್ತದೆ. ಇವೆಲ್ಲವುಗಳಲ್ಲಿ ಕೊಡುವವನೊಬ್ಬ, ಬರೆಯುವವನೊಬ್ಬ ಹಿಂದೆ ನಿಂತಿದ್ದಾನೆ. ‘ಹ್ಯಾಪ್’ನಲ್ಲಿ ಹಾಗೆ ಯಾರೂ ಕಾಣುವುದಿಲ್ಲ, ಕಾಣುವುದು ಸಂಗತಿಗಳು ಒಂದಕ್ಕೊಂದು ಬಂದು ಕೂಡುವುದು ಮಾತ್ರ. ಮದುವೆಯ ವಿಷಯದಲ್ಲಿ ‘ಕಾಲ ಕೂಡಿಬಂತು’, ‘ಯೋಗ ಕೂಡಿಬರಬೇಕು’ ಎನ್ನುತ್ತೇವಲ್ಲ, ಆ ‘ಕೂಡಿಬರುವುದು’ ಅದಕ್ಕೆ ಬಹಳ ಸಮೀಪದ ಮಾತು. ನಿಮ್ಮ ಗುಂಪಿನಲ್ಲಿ ಆ ವಾಕ್ಯವನ್ನು ಕನ್ನಡದಲ್ಲಿ ವಿವರಿಸುವಾಗ ‘ಅವಳ ಅದೃಷ್ಟ’ ಎಂದು ಮುಗಿಸಿಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಉತ್ತರ — ಅನುವಾದಕಿ, ಜಯನಗರ

ಪದ ಏಕೆ ಜಾರಿಹೋಯಿತು ಎಂಬ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮುಖ್ಯ ಕಾರಣ ಪೈಪೋಟಿ ಎಂದು ನನಗೆ ತೋರುತ್ತದೆ. ‘ಚಾನ್ಸ್’ ಮತ್ತು ‘ಫಾರ್ಚ್ಯೂನ್’ ಫ್ರೆಂಚಿನಿಂದ ಆಗಲೇ ಬಂದು, ಒಂದು ಆಕಸ್ಮಿಕದ ಅರ್ಥವನ್ನೂ ಇನ್ನೊಂದು ದೈವಕೃಪೆಯ ಗಂಭೀರ ಅರ್ಥವನ್ನೂ ಹಿಡಿದಿದ್ದವು. 15ನೆಯ ಶತಮಾನದಲ್ಲಿ ಡಚ್ ಅಥವಾ ಕೆಳ ಜರ್ಮನ್ ಕಡೆಯಿಂದ ‘ಲಕ್’ ಬಂತು, ಪ್ರಾಯಶಃ ಜೂಜಾಡುವವರ ಬಾಯಿಂದ. ದಿನಬಳಕೆಯ ಅದೃಷ್ಟವೆಂಬ ಅರ್ಥವನ್ನು ಅದು ಕಿತ್ತುಕೊಂಡಿತು. ಜೊತೆಗೆ ‘ಹ್ಯಾಪಿ’ ಸಂತೋಷದ ಕಡೆಗೆ ಹೊರಟುಹೋದ ಮೇಲೆ ಕೇಳುವವರ ಕಿವಿಯಲ್ಲಿ ‘ಹ್ಯಾಪ್’ನ ಜೊತೆಗಿನ ಅದರ ನಂಟು ಸಡಿಲಾಯಿತು. ಶೇಕ್ಸ್‌ಪಿಯರನ ಕಾಲಕ್ಕೆ ಅದು ಇನ್ನೂ ಜೀವಂತವಾಗಿತ್ತು. ರೋಮಿಯೋ ತನಗೆ ಒಲಿದ ಭಾಗ್ಯವನ್ನು ಗುರುವಿಗೆ ತಿಳಿಸಲು ಹೊರಡುವಾಗ ಆಡುವುದು ಇದೇ ಪದವನ್ನು. ಥಾಮಸ್ ಹಾರ್ಡಿ 1866ರಲ್ಲಿ ಬರೆದು 1898ರಲ್ಲಿ ಪ್ರಕಟಿಸಿದ ಸುನೀತವೊಂದಕ್ಕೆ ‘ಹ್ಯಾಪ್’ ಎಂದೇ ಹೆಸರಿಟ್ಟ. ಆ ವೇಳೆಗೆ ಅದು ಹಳೆಯ ಕಾಲದ ಪದವಾಗಿತ್ತು. ಹಾರ್ಡಿಯ ಕವಿತೆಯಲ್ಲಿ ದೈವಸಂಕಲ್ಪಕ್ಕೆ ಜಾಗವಿಲ್ಲ. ತನ್ನ ಕಷ್ಟ ನೋಡಿ ನಗುವ ಕ್ರೂರ ದೇವರೊಬ್ಬನಿದ್ದರೂ ಸಹಿಸಬಹುದಿತ್ತು, ಆದರೆ ಹಾಗೂ ಇಲ್ಲ, ಎಲ್ಲವೂ ಕುರುಡು ಎಂಬುದು ಅದರ ನೋವು. ಅಧ್ಯಾಪಕರು ಹೇಳಿದ ಚಾಸರನ ಅರ್ಥದಿಂದ ಇದು ಬಹಳ ದೂರ ಬಂದಿದೆ, ಮತ್ತು ‘ಹ್ಯಾಪ್’ ಎಂದರೆ ಕುರುಡು ಆಕಸ್ಮಿಕವೆಂಬ ಭಾವನೆ ಇಂದಿನ ಓದುಗರಲ್ಲಿ ಮೂಡುವುದಕ್ಕೆ ಈ ಕವಿತೆಯೂ ಒಂದು ಕಾರಣವಿರಬಹುದು.

ಪೂರ್ತಿ ಸತ್ತುಹೋಗಿದೆ ಎನ್ನುವಂತೆಯೂ ಇಲ್ಲ. ಡೇನರು ನೆಲೆಸಿದ್ದ ಯಾರ್ಕ್‌ಷೈರ್ ಮೊದಲಾದ ಉತ್ತರದ ಸೀಮೆಗಳ ಆಡುಮಾತಿನಲ್ಲಿ ‘ಹ್ಯಾಪನ್’ ಎಂಬುದನ್ನೇ ‘ಬಹುಶಃ’ ಎಂಬರ್ಥದಲ್ಲಿ ವಾಕ್ಯದ ಮೊದಲಿಗೆ ಇಟ್ಟು ಮಾತನಾಡುತ್ತಾರೆ. ನಾವು ‘ಮಳೆ ಬಂದೀತು’ ಎನ್ನುವ ಕಡೆ ಅವರು ‘ಹ್ಯಾಪನ್’ ಎಂದು ಶುರುಮಾಡಿ ಮಳೆಯ ಮಾತು ಹೇಳುತ್ತಾರೆ. ಐಸ್‌ಲ್ಯಾಂಡಿನಲ್ಲಂತೂ ಮೂಲಪದವೇ ಗಟ್ಟಿಯಾಗಿ ಉಳಿದಿದೆ. ಅಲ್ಲಿ ಅದೃಷ್ಟವಂತನನ್ನು ‘ಹೆಪ್ಪಿನ್’ ಎನ್ನುತ್ತಾರೆ, ಲಾಟರಿಗೆ ‘ಹಪ್‌ದ್ರೈತ್ತಿ’ ಎಂಬ ಹೆಸರಿದೆ, ಅಂದರೆ ‘ಹಪ್’ ಎತ್ತುವುದು. ಐಸ್‌ಲ್ಯಾಂಡ್ ವಿಶ್ವವಿದ್ಯಾಲಯ ತನ್ನ ಕಟ್ಟಡಗಳ ವೆಚ್ಚಕ್ಕೆ ಹಣ ಕೂಡಿಸುವುದು ಇಂಥದೊಂದು ಲಾಟರಿಯಿಂದ.